ಅಂಗಳದ ಎಣ್ಣೆ ಕಲೆ



ಗಾಡಿಯ ವಿಷಯ ಗಂಡಸರದ್ದು, ನಮಗೇಕೆ ಎಂದು ಈ ಪುಟ ಮಗುಚಬೇಡಿ. ನಮ್ಮ ಮೈಸೂರಿನ ಉದಯಗಿರಿ, ರಾಜೀವ್ ನಗರ, ಮಂಡಿ ಮೊಹಲ್ಲಾ ಕಡೆ ಹಳೆಯ ಮಾರುತಿ ಓಮ್ನಿಯನ್ನೇ ನಂಬಿ ಸಂಸಾರ ಸಾಗಿಸುವ ಮನೆಗಳಿವೆ. ಬೆಳಿಗ್ಗೆ ಶಾಲೆಯ ಮಕ್ಕಳು, ಮಧ್ಯಾಹ್ನ ಅಂಗಡಿಯ ಸಾಮಾನು, ಭಾನುವಾರ ಮದುವೆಯ ಬಾಡಿಗೆ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಹಾಗಾಗಿ ಈಗ ರಸ್ತೆಯಲ್ಲಿರುವ ಓಮ್ನಿಗಳೆಲ್ಲ ಹಳೆಯವೇ.

ನಮ್ಮ ಬೀದಿಯ ಸಹೋದರಿಯೊಬ್ಬರು ಅಂಗಳ ಗುಡಿಸುವಾಗ ವ್ಯಾನ್ ನಿಲ್ಲುವ ಜಾಗದಲ್ಲಿ ಅಂಗೈಯಗಲದ ಕಲೆ ಕಂಡರು. ಯಜಮಾನರಿಗೆ ಹೇಳಿದರೆ, “ಹಳೇ ಗಾಡಿ, ಸ್ವಲ್ಪ ಸೋರುತ್ತೆ ಬಿಡು” ಎಂದರು. ಇಂಜಿನ್ ಆಯಿಲ್ ನೋಡಿದರು, ಸರಿಯಿತ್ತು. ಗೇರ್ ಬಾಕ್ಸ್‌ಗೆ ಬೇರೆಯೇ ಆಯಿಲ್ ಇದೆ, ಅದನ್ನೂ ನೋಡಬೇಕು ಎಂಬ ಯೋಚನೆ ಬರಲಿಲ್ಲ. ಕೆಲವು ವಾರಗಳಲ್ಲಿ ಗೇರ್ ಹಾಕುವಾಗ ಕರಕರ ಸದ್ದು, ಓಡುವಾಗ ಗುಂಯ್ ಎಂಬ ಕೂಗು. ಒಂದು ಬೆಳಿಗ್ಗೆ ಮಕ್ಕಳು ಒಳಗಿರುವಾಗಲೇ ಗೇರ್ ಬೀಳದೆ ಗಾಡಿ ನಡುರಸ್ತೆಯಲ್ಲಿ ನಿಂತಿತು. ಮಕ್ಕಳಿಗೇನೂ ಆಗಲಿಲ್ಲ, ಅಲ್ಹಮ್ದುಲಿಲ್ಲಾಹ್. ಆದರೆ ರಿಪೇರಿಗೆಂದು ಆಕೆಯ ಬಳೆಗಳು ಅಡವಿಗೆ ಹೋದವು.

ಒಂದು ಮಾತು ನೆನಪಿಡಿ. ಇಂಜಿನ್ ಆಯಿಲ್ ಸ್ವಲ್ಪ ಉರಿದುಹೋಗಬಹುದು. ಗೇರ್ ಆಯಿಲ್ ಉರಿಯುವುದಿಲ್ಲ. ಅದು ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆ ಎಂದೇ ಅರ್ಥ.

ಸೋರಿಕೆ ತಿಳಿಯಲು ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿಡಿ. ಓಮ್ನಿಯಲ್ಲಿ ಇಂಜಿನ್ ಮುಂದಿನ ಸೀಟಿನ ಕೆಳಗಿದೆ, ಅದರ ಹಿಂದೆ ಗೇರ್ ಬಾಕ್ಸ್. ಹಿಂದಿನ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಇದೆ, ಅದಕ್ಕೂ ಪ್ರತ್ಯೇಕ ಆಯಿಲ್. ಕಲೆ ಎಲ್ಲಿ ಬಿದ್ದಿದೆ ನೋಡಿದರೆ ಅರ್ಧ ಉತ್ತರ ಸಿಕ್ಕಿತು. ಗೇರ್ ಆಯಿಲ್ ಮಂದವಾಗಿ, ಗಂಧಕದಂತಹ ಕಟುವಾಸನೆ ಹೊಂದಿರುತ್ತದೆ. ಚಕ್ರದ ಒಳಬದಿಯಲ್ಲಿ ತೆಳುವಾದ ದ್ರವ ಕಂಡರೆ ಅದು ಬ್ರೇಕ್‌ನದ್ದಾಗಿರಬಹುದು. ಆಗ ಗಾಡಿ ತೆಗೆಯಲೇ ಬಿಡಬೇಡಿ, ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.

ಗೇರ್ ಆಯಿಲ್ ನೋಡಲು ಓಮ್ನಿಯಲ್ಲಿ ಅಳತೆಕಡ್ಡಿ ಇಲ್ಲ. ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು, ಇಂಜಿನ್ ನಿಂತು ತಣಿದಿರಬೇಕು. ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ ನೋಡುವುದೇ ಕ್ಷೇಮ. ಬರೀ ಜಾಕಿಯನ್ನು ನಂಬಿ ಯಾರೂ ಗಾಡಿಯಡಿ ನುಗ್ಗಬಾರದು. ಗೇರ್ ಬಾಕ್ಸ್‌ನ ಪಕ್ಕದಲ್ಲಿರುವ ಆಯಿಲ್ ತುಂಬುವ ಪ್ಲಗ್‌ನ ಸುತ್ತಲಿನ ಮಣ್ಣು ಒರೆಸಿ, ನಂತರ ಬಿಚ್ಚಬೇಕು. ಆಯಿಲ್ ಆ ತೂತಿನ ಕೆಳ ಅಂಚಿನವರೆಗಿದ್ದರೆ ಸಾಕು. ಇಲ್ಲದಿದ್ದರೆ ಅಂಚಿನಲ್ಲಿ ತೊಟ್ಟಿಕ್ಕುವವರೆಗೆ ನಿಧಾನವಾಗಿ ತುಂಬಿಸಿ, ಪ್ಲಗ್ ಬಿಗಿಯಬೇಕು. ಜಾಸ್ತಿ ತುಂಬಿದರೆ ಆಯಿಲ್ ಸೀಲ್ ದಾಟಿ ಮತ್ತೆ ಸೋರುತ್ತದೆ. ಡಿಫರೆನ್ಷಿಯಲ್ ಅನ್ನೂ ಅದೇ ಸಮಯದಲ್ಲಿ ನೋಡಿಸಿ.

ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎಂದಿರುತ್ತದೆ. ಎರಡೂ ಒಂದೇ ಅಲ್ಲ. ಕೆಲವು ಜಿಎಲ್-5 ಆಯಿಲ್‌ಗಳು ಗೇರ್ ಬಾಕ್ಸ್‌ನ ಹಿತ್ತಾಳೆ ಭಾಗಗಳಿಗೆ ಒಗ್ಗುವುದಿಲ್ಲ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಹೇಳಿದ್ದನ್ನೇ ತರಿಸಿ. ಆಯಿಲ್ ತುಂಬಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಸೋರುವ ಸೀಲನ್ನೂ ಬದಲಿಸಬೇಕು.

ಆ ಸಹೋದರಿಯ ಕಣ್ಣು ಸರಿಯಾಗಿಯೇ ನೋಡಿತ್ತು. ಮನೆಯವರು ಕೇಳಲಿಲ್ಲ, ಆಕೆಯೂ ಎರಡನೇ ಸಲ ಹೇಳಲಿಲ್ಲ. ಪರರ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿ ನಮ್ಮ ಬಳಿಯಿರುವ ಅಮಾನತ್ತು. ಆದ್ದರಿಂದ ನೀವು ಎರಡನೇ ಸಲವೂ ಹೇಳಿ, ಮೂರನೇ ಸಲವೂ ಹೇಳಿ. ಇಂದು ರಾತ್ರಿಯೇ ಒಂದು ರಟ್ಟು ಹಾಸಿ ನೋಡಿ.