ಅನ್ನದ ಮೇಲೆ ಕುಲದ ಮುದ್ರೆ

ಹಸಿವಿಗೆ ಕುಲವಿಲ್ಲ, ಅನ್ನವನ್ನು ಮಾರುವವನಿಗೆ ಮಾತ್ರ ಕುಲವು ಬೇಕಾಗಿದೆ. ‘ಲಿಂಗಾಯತ ಖಾನಾವಳಿ’, ‘ಬ್ರಾಹ್ಮಣರ ಹೋಟೆಲು’, ‘ಅಯ್ಯಂಗಾರ್ ಬೇಕರಿ’ ಎಂಬ ಫಲಕಗಳು ಕನ್ನಡ ನಾಡಿಗೆ ಎಷ್ಟು ರೂಢಿಯಾಗಿವೆಯೆಂದರೆ, ಸುಶಿಕ್ಷಿತ ಗೃಹಸ್ಥರೂ ಅವುಗಳನ್ನು ಕಂಡು ಕ್ಷಣಮಾತ್ರ ವಿಚಾರಿಸುವುದಿಲ್ಲ. ವಿಚಾರಿಸಬೇಕಾದ ಕಾರಣವನ್ನು ದೂರದ ಅಮೇರಿಕೆಯ ಒಂದು ಹಿಟ್ಟಿನ ಪೊಟ್ಟಣವು ತಿಳಿಸಿಕೊಡುವುದು.

1889ರಲ್ಲಿ ಆ ದೇಶದ ಮಿಸೌರಿ ಪ್ರಾಂತದಲ್ಲಿ, ದೋಸೆಯನ್ನು ಹೋಲುವ ಭಕ್ಷ್ಯವೊಂದರ ಸಿದ್ಧ ಹಿಟ್ಟು ಹುಟ್ಟಿಕೊಂಡಿತು. ಅದಕ್ಕೆ ‘ಆಂಟ್ ಜೆಮೈಮಾ’ ಎಂದು ಹೆಸರಿಟ್ಟು, ತಲೆಗೆ ವಸ್ತ್ರ ಸುತ್ತಿ ನಗುವ ಕೃಷ್ಣವರ್ಣದ ಅಡುಗೆಯವಳನ್ನು ಅದರ ಗುರುತಾಗಿಸಿದರು. ಸ್ವಾಮಿ ವಿವೇಕಾನಂದರ ವಾಣಿಯಿಂದ ಭಾರತೀಯರಿಗೆ ಚಿರಪರಿಚಿತವಾದ 1893ರ ಷಿಕಾಗೋ ನಗರದಲ್ಲಿಯೇ, ಆ ವರ್ಷದ ಮಹಾಪ್ರದರ್ಶನದಲ್ಲಿ, ದಾಸ್ಯದಲ್ಲಿ ಜನಿಸಿದ್ದ ನ್ಯಾನ್ಸಿ ಗ್ರೀನ್ ಎಂಬಾಕೆಗೆ ಆ ವೇಷವನ್ನು ತೊಡಿಸಿ ಹಿಟ್ಟನ್ನು ಮಾರಿದರು. ಕನ್ನಡಿಗರಿಗೆ ಅತ್ತೆ, ಮಾವ ಎಂಬುವು ಗೌರವದ ಸಂಬೋಧನೆಗಳು. ಅಲ್ಲಿಯ ಬಿಳಿಯರಾದರೋ ಕೃಷ್ಣವರ್ಣದ ಹಿರಿಯರನ್ನು ಶ್ರೀಮಾನ್, ಶ್ರೀಮತಿ ಎನ್ನಲೊಲ್ಲದೆ ‘ಅಂಕಲ್’, ‘ಆಂಟ್’ ಎಂದು ಕರೆಯುತ್ತಿದ್ದರು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬಾತನು ಪೊಲೀಸರ ಕೈಯಲ್ಲಿ ಮಡಿದ ಮೇಲೆ ಜನರು ರೊಚ್ಚಿಗೆದ್ದರು. 2021ರಲ್ಲಿ ಆ ಹಿಟ್ಟಿಗೆ ಬೇರೆ ಹೆಸರು ಬಂದಿತು. ‘ಅಂಕಲ್ ಬೆನ್ಸ್’ ಎಂಬ ಅಕ್ಕಿಯೂ ತನ್ನ ‘ಅಂಕಲ್’ ಪದವನ್ನು ಕಳಚಿಹಾಕಿತು.

ಅಲ್ಲಿ ಕೀಳೆಂದೆಣಿಸಿದವರ ಮುಖವನ್ನು ತೋರಿಸಿ ಸೇವೆಯನ್ನು ಮಾರಿದರು. ಇಲ್ಲಿ ಮೇಲೆಂದೆಣಿಸಿದವರ ಹೆಸರನ್ನು ಬರೆದು ಶುದ್ಧಿಯನ್ನು ಮಾರುತ್ತಾರೆ. ರೀತಿ ಬೇರೆ, ದೋಷವೊಂದೇ: ಜನ್ಮವನ್ನು ಗುಣಕ್ಕೆ ಸಾಕ್ಷಿಯಾಗಿ ನಿಲ್ಲಿಸುವುದು. ‘ಈ ಕೈ ಶುದ್ಧ’ ಎಂದು ಬರೆದ ಫಲಕದ ಬೆನ್ನಿಗೆ ‘ಆ ಕೈ ಅಶುದ್ಧ’ ಎಂಬ ಬರೆಯದ ವಾಕ್ಯವಿರುವುದು. ಇಲ್ಲವೆನ್ನುವವರು ಒಂದು ಪ್ರಶ್ನೆಗೆ ಉತ್ತರಿಸಲಿ. ಅಸ್ಪೃಶ್ಯರೆನಿಸಿದವರು ತಮ್ಮ ಕುಲನಾಮವನ್ನು ಬರೆದು ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಪೇಟೆಯಲ್ಲಿ ಖಾನಾವಳಿಯನ್ನು ತೆರೆದರೆ, ಅದರೊಳಗೆ ಎಷ್ಟು ಮಂದಿ ಉಣ್ಣಹೋಗುವರು?

‘ಕುಲನಾಮವು ಶಾಕಾಹಾರದ ಸೂಚನೆ ಮಾತ್ರ’ ಎಂದು ಕೆಲವರು ಸಮಾಧಾನ ಹೇಳುವರು. ಈ ಸಮಾಧಾನವು ನಿಲ್ಲದು. ಶಾಕಾಹಾರವನ್ನು ಸೂಚಿಸಲು ‘ಶಾಕಾಹಾರಿ’ ಎಂಬ ಶಬ್ದವೇ ಸಾಕು. ಪೊಟ್ಟಣಗಳ ಮೇಲಂತೂ ಹಸುರು ಚೌಕದೊಳಗಿನ ಹಸುರು ಬೊಟ್ಟನ್ನು 2011ರ ನಿಯಮಗಳೇ ಕಡ್ಡಾಯಗೊಳಿಸಿದವು. ಆ ಬೊಟ್ಟು ಒಳಗಿನ ಪದಾರ್ಥವನ್ನು ಹೇಳುವುದು. ಕುಲನಾಮವು ಬೇಯಿಸಿದವರ ಹುಟ್ಟನ್ನು ಹೇಳುವುದು. ಉಣ್ಣುವವನಿಗೆ ಬೇಕಾದದ್ದು ಮೊದಲನೆಯದು. ಎರಡನೆಯದನ್ನೂ ಕೇಳುವವನು ಅನ್ನವನ್ನಲ್ಲ, ತನ್ನ ಹಿರಿಮೆಯನ್ನು ಕೊಳ್ಳುತ್ತಿರುವನು.

ಈ ಸೀಮೆಗೆ ಇದು ವಿಶೇಷವಾಗಿ ಶೋಭಿಸದು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಮಹಾಪುರುಷರು ಅಸ್ಪೃಶ್ಯನೆನಿಸಿದ ಶಿವನಾಗಿಮಯ್ಯನ ಮನೆಯಲ್ಲಿ ಉಂಡರೆಂದೂ, ಅದಕ್ಕಾಗಿ ಬಿಜ್ಜಳನ ಬಳಿಗೆ ದೂರು ಹೋಯಿತೆಂದೂ ಶರಣರ ಕಥೆಗಳು ಸಾರುತ್ತವೆ. ಅಂಥವರ ಚಿತ್ರಪಟಕ್ಕೆ ಗಲ್ಲೆಯ ಮೇಲೆ ಊದುಬತ್ತಿ ಹಚ್ಚಿ, ಬಾಗಿಲ ಮೇಲೆ ಜಾತಿಯ ಹೆಸರನ್ನು ಬರೆಸುವುದು ಭಕ್ತಿಯೋ, ವಿಡಂಬನೆಯೋ?

ಆಹಾರಕ್ಕೆ ಹೆಸರು ಬೇಡವೆಂದು ಯಾರೂ ಹೇಳರು. ಇಂಡಿಯ ಲಿಂಬೆಯು ತನ್ನ ನೆಲದ ಹೆಸರಿನಿಂದಲೇ ಭೌಗೋಳಿಕ ಗುರುತಿನ ಮನ್ನಣೆಯನ್ನು ಪಡೆದು ಸಮುದ್ರದಾಚೆಗೂ ಹೋಗಿದೆ. ಅದನ್ನು ಬೆಳೆದವನ ಕುಲವನ್ನು ಯಾವ ಕೊಳ್ಳುವವನೂ ಕೇಳಲಿಲ್ಲ. ಡೋಣಿ ತೀರದ ಬಿಳಿಜೋಳಕ್ಕೆ ಆ ಹೊಳೆಯ ಹೆಸರೇ ಪ್ರಶಸ್ತಿ. ಖಡಕ್ ರೊಟ್ಟಿಯ ಪೊಟ್ಟಣಕ್ಕೂ, ಶೇಂಗಾ ಹಿಂಡಿಯ ಡಬ್ಬಿಗೂ, ಊಟದ ಮನೆಯ ಫಲಕಕ್ಕೂ ಊರಿನ ಹೆಸರೋ ಮಾಡಿದವರ ಸ್ವಂತ ಹೆಸರೋ ಸಾಲದೆ? ಮಾರುವವನು ಕೊಳ್ಳುವವನ ಮನಸ್ಸನ್ನು ನೋಡಿಯೇ ಫಲಕ ಬರೆಸುವನು. ಆದುದರಿಂದ ತಿದ್ದುಪಾಟು ಗೃಹಸ್ಥರಿಂದಲೇ ಮೊದಲಾಗಬೇಕು. ಅಡುಗೆಮನೆ ಚೊಕ್ಕಟವಿದೆಯೆ, ಎಣ್ಣೆ ಹೊಸದೆ, ತೂಕ ಸರಿಯೆ ಎಂದು ಅವರು ಕೇಳಲಿ. ಕುಲವನ್ನು ಕೇಳುವವರು ಇಲ್ಲವಾದ ದಿನ, ಬರೆಸುವವರೂ ಇಲ್ಲವಾಗುವರು.