ಮೊದಲ ಪಾಠ ಬೀಳುವುದು



ಏಳನೇ ತರಗತಿಯ ನಮ್ಮ ಮೊಮ್ಮಗಳು ಕರಾಟೆ ಕ್ಲಾಸಿನಿಂದ ಬಂದ ಕೂಡಲೇ, ಆವತ್ತು ಕಲಿತದ್ದನ್ನು ಪಡಸಾಲೆಯಲ್ಲೇ ಕಾಲೆತ್ತಿ ತೋರಿಸುವವಳು. ಕಳೆದ ತಿಂಗಳು ಒಂದು ಸಂಜೆ ಮಾತ್ರ ಊಟವೂ ಬೇಡವೆಂದು ಮಲಗಿಬಿಟ್ಟಳು. ಬ್ಯಾಂಕಿನಲ್ಲಿದ್ದವನಿಗೆ ಲೆಕ್ಕ ತಾಳೆಯಾಗದಿದ್ದರೆ ಸಮಾಧಾನವಿಲ್ಲ ನೋಡಿ. ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ.

"ಫೈಟ್ ಮಾಡುವಾಗ ಕಿವಿಯ ಮೇಲೆ ಒದೆ ಬಿತ್ತು ಅಜ್ಜಾ. ತಲೆ ನೋಯುತ್ತಿದೆ. ಅಮ್ಮನಿಗೆ ಹೇಳಬೇಡ. ಭಾನುವಾರ ಬೆಲ್ಟ್ ಪರೀಕ್ಷೆ."

ನಾನು ಹೇಳಿಬಿಟ್ಟೆ. ಡಾಕ್ಟರು ಪರೀಕ್ಷಿಸಿ, ಪೂರ್ತಿ ಗುಣವಾಗುವವರೆಗೆ ಕ್ಲಾಸು ಬೇಡ ಎಂದರು. ಬೆಲ್ಟ್ ಪರೀಕ್ಷೆ ತಪ್ಪಿತು. ಎರಡು ದಿನ ಅವಳು ನನ್ನ ಜೊತೆ ಟೂ!

ಹಾಗೆಂದು ಕರಾಟೆ ಬಿಡಿಸಬೇಕೆ? ಖಂಡಿತ ಬೇಡ. ಮೈ ಬಳುಕುತ್ತದೆ, ಕಾಲಿಗೆ ಬಲ ಬರುತ್ತದೆ, ಸಮತೋಲನ ಸಿಗುತ್ತದೆ. ಅಷ್ಟು ಹೊತ್ತು ಮೊಬೈಲೂ ದೂರ. ಪೆಟ್ಟುಗಳಲ್ಲಿ ಹೆಚ್ಚಿನವು ತರಚು, ಉಳುಕು. ಒಬ್ಬರೇ ಮಾಡುವ ಕಟಾದಲ್ಲಿ ಅಪಾಯ ಕಡಿಮೆ, ಎದುರಾಳಿಯ ಜೊತೆ ಸೆಣಸುವಾಗ ಹೆಚ್ಚು.

ಭಯಪಡಬೇಕಾದದ್ದು ತಲೆಯ ಪೆಟ್ಟಿಗೆ. ಹೆಲ್ಮೆಟ್ ಚರ್ಮ ಹರಿಯದಂತೆ ಕಾಪಾಡೀತು, ಒಳಗೆ ಮಿದುಳು ಅಲುಗುವುದನ್ನು ಪೂರ್ತಿ ತಡೆಯಲಾರದು. ಪೆಟ್ಟಾದ ಮೇಲೆ ತಲೆನೋವು, ತಲೆಸುತ್ತು, ವಾಂತಿ, ಕಣ್ಣು ಮಂಜಾಗುವುದು, ಮರೆವು ಕಂಡರೆ ಆಟ ಆ ಕ್ಷಣವೇ ನಿಲ್ಲಬೇಕು, ಡಾಕ್ಟರಿಗೆ ತೋರಿಸಬೇಕು. ಎಚ್ಚರ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ ತಕ್ಷಣ ಆಸ್ಪತ್ರೆಗೆ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಬಹಳ ಅಪಾಯ.

ಜಪಾನಿನ ಜಿಗೊರೊ ಕಾನೊ 1882ರಲ್ಲಿ ಜೂಡೋ ಕಲಿಸಲು ಶುರು ಮಾಡಿದರು. ಇಂದಿಗೂ ಜೂಡೋದಲ್ಲಿ ಮಕ್ಕಳಿಗೆ ಮೊದಲು ಕಲಿಸುವುದು ಬೀಳುವುದನ್ನು. ಗದ್ದವನ್ನು ಎದೆಗೊತ್ತಿ, ಬೆನ್ನು ಬಗ್ಗಿಸಿ, ತೋಳಿನಿಂದ ಚಾಪೆಗೆ ಬಡಿದು ಬಿದ್ದರೆ ತಲೆ ನೆಲಕ್ಕೆ ತಾಗುವುದಿಲ್ಲ. ಎದುರಾಳಿಯ ಹಿಡಿತ ಸಹಿಸಲಾಗದಿದ್ದರೆ ಕೈಯಿಂದ ಎರಡು ಸಲ ತಟ್ಟಿದರೆ ಸಾಕು, ಅವನು ಬಿಡಲೇಬೇಕು. ಹಾಗೆ ತಟ್ಟುವುದು ಅವಮಾನವಲ್ಲ. ನಮ್ಮ ಗರಡಿಮನೆಗಳಲ್ಲೂ ಪೈಲ್ವಾನರು ಕುಸ್ತಿಗೆ ಮುಂಚೆ ಮಟ್ಟಿಯನ್ನು ಅಗೆದು ಮೆತ್ತಗೆ ಮಾಡುತ್ತಾರಲ್ಲವೇ?

ಹಿರಿಯರೇ, ಫೀಸು ಕಟ್ಟುವ ಮುಂಚೆ ಒಂದು ದಿನ ಕ್ಲಾಸಿನಲ್ಲಿ ಕೂತು ನೋಡಿ. ನೆಲಕ್ಕೆ ಮ್ಯಾಟ್ ಇದೆಯೇ? ವಯಸ್ಸು, ತೂಕ ನೋಡಿ ಜೋಡಿ ಮಾಡುತ್ತಾರೆಯೇ? ತಲೆಗೆ ಒದೆಯಲು ಬಿಡುತ್ತಾರೆಯೇ? ಮಗು "ನೋವು ಸರ್" ಎಂದಾಗ ಮೇಷ್ಟರು ನಿಲ್ಲಿಸುತ್ತಾರೋ, ಗದರುತ್ತಾರೋ?

ಡಾಕ್ಟರು ಒಪ್ಪಿದ ಮೇಲೆ ಮೊನ್ನೆ ಮೊಮ್ಮಗಳು ಮತ್ತೆ ಕ್ಲಾಸಿಗೆ ಹೋದಳು. ಸದ್ಯಕ್ಕೆ ಕಟಾ ಮಾತ್ರ. ಬೆಲ್ಟ್ ಹಳೆಯದೇ. ಮಾತು ಮಾತ್ರ ಮತ್ತೆ ಶುರುವಾಗಿದೆ.

"ಅಜ್ಜಾ, ನೀನು ಬಚ್ಚಲಲ್ಲಿ ಜಾರಿ ಬಿದ್ದದ್ದು ಅಮ್ಮನಿಗೆ ಹೇಳಿದೆಯಾ?" ಎಂದಳು ನಿನ್ನೆ.

ಇಲ್ಲ, ಹೇಳಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೇಳಿದೆ.