ಪೇಸ್ಟ್ ಎಲ್ಲಿಗೆ, ಪ್ಯಾಡ್ ಎಲ್ಲಿಗೆ?

ಏಪ್ರಿಲ್ ಬಂತೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಲ್ಯಾಪ್‌ಟಾಪ್ ಬಿಸಿಯದ್ದೇ. ‘ಫ್ಯಾನ್ ಮಿಕ್ಸಿ ಥರ ಕೂಗುತ್ತೆ, ಥರ್ಮಲ್ ಪೇಸ್ಟ್ ಬದಲಾಯಿಸಿದ್ರೆ ಸರಿಹೋಗುತ್ತಾ?’ ಬಹಳಷ್ಟು ಸಲ ಹೋಗುತ್ತೆ. ಮೂರ್ನಾಲ್ಕು ವರ್ಷ ದುಡಿದ ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಪೇಸ್ಟ್ ಒಣಗಿರುತ್ತೆ, ಹೊಸದು ಹಾಕಿದರೆ ವ್ಯತ್ಯಾಸ ಕಾಣುತ್ತೆ. ಆದರೆ ಈ ಸಲ ಹೇಳಬೇಕಾದ್ದು ಆ ಪೇಸ್ಟ್ ಸಾಕಾಗದ ಒಂದು ಜಾಗದ ಬಗ್ಗೆ. ಅದು ಗ್ರಾಫಿಕ್ಸ್ ಮೆಮೊರಿ ಚಿಪ್‌ಗಳು.

ಹಿಂದಿನ ಮುಚ್ಚಳ ತೆಗೆದು ಹೀಟ್‌ಸಿಂಕ್ ಎತ್ತಿ, ಹಳೇ ಪೇಸ್ಟ್ ಒರೆಸಿದರೆ ಕನ್ನಡಿಯಂತೆ ಹೊಳೆಯುವ ಒಂದು ತುಂಡು ಕಾಣುತ್ತೆ. ಅದು ಜಿಪಿಯು. ಅದರ ಸುತ್ತ ನಾಲ್ಕೋ ಆರೋ ಎಂಟೋ ಕಪ್ಪು ಬಿಲ್ಲೆಗಳು ಕೂತಿರುತ್ತವೆ. ಜಿಡಿಡಿಆರ್6 ಆದರೆ ಒಂದೊಂದೂ ಸುಮಾರು 14 ಮಿ.ಮೀ. ಉದ್ದ, 12 ಮಿ.ಮೀ. ಅಗಲ. ಅವೇ ಮೆಮೊರಿ. ತಾಮ್ರದ ತಟ್ಟೆ ಜಿಪಿಯು ಮೇಲೆ ಒತ್ತಿ ಕೂರುವುದರಿಂದ ಅಲ್ಲಿ ಉಳಿಯುವ ಪೇಸ್ಟ್ ಪದರ ಕಾಗದದ ಹಾಳೆಗಿಂತ ತೆಳು. ಮೆಮೊರಿ ಚಿಪ್‌ಗಳನ್ನು ಮಾತ್ರ ಆ ತಟ್ಟೆ ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. ನಡುವೆ ಅರ್ಧ ಮಿ.ಮೀ.ನಿಂದ ಎರಡು ಮಿ.ಮೀ.ವರೆಗೂ ಸಂದು ಇರುತ್ತೆ.

ಅದು ತಯಾರಿಕೆಯ ದೋಷವಲ್ಲ, ಬೇಕೆಂದೇ ಬಿಟ್ಟದ್ದು. ಎಲ್ಲ ಚಿಪ್‌ಗಳ ಎತ್ತರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರೋದಿಲ್ಲ. ಒಂಬತ್ತು ಕಾಲಿನ ಮೇಜು ಕುಂಟದೆ ನಿಂತೀತೇ? ಹಾಗಾಗಿ ಹೆಚ್ಚು ಬಿಸಿಯಾಗುವ ಜಿಪಿಯುಗೆ ತಟ್ಟೆಯನ್ನು ತಾಗಿಸಿ, ಉಳಿದ ಕಡೆ ಮೆತ್ತನೆಯ ಥರ್ಮಲ್ ಪ್ಯಾಡ್ ತುಂಬುತ್ತಾರೆ. ಕುಂಟುವ ಕಾಲಿನ ಕೆಳಗೆ ಕಾಗದ ಮಡಚಿ ಇಡುವುದಿಲ್ಲವೇ, ಹಾಗೆ.

ಗೊಂದಲ ಹುಟ್ಟುವುದು ಪೊಟ್ಟಣದ ಮೇಲಿನ ಸಂಖ್ಯೆಯಿಂದ. ಪೇಸ್ಟ್ ಟ್ಯೂಬ್ ಮೇಲೆ 8, 10, 12 ಅಂತ ಉಷ್ಣವಾಹಕತೆ ಬರೆದಿರುತ್ತೆ, ಪ್ಯಾಡ್ ಮೇಲೆ 3 ಅಥವಾ 6. ದೊಡ್ಡ ಸಂಖ್ಯೆಯೇ ಒಳ್ಳೆಯದು ಅಂತ ಯಾರಿಗಾದರೂ ಅನಿಸುತ್ತೆ. ಆದರೆ ಸಂದು ತುಂಬದಿದ್ದರೆ ಅಲ್ಲಿ ಉಳಿಯುವುದು ಗಾಳಿ, ಗಾಳಿಯ ಸಂಖ್ಯೆ ಬರೀ 0.026. ಸಾಧಾರಣ ಪ್ಯಾಡ್ ಕೂಡ ಅದಕ್ಕಿಂತ ನೂರು ಪಟ್ಟು ಮೇಲು. ‘ಹಾಗಿದ್ರೆ ಪೇಸ್ಟನ್ನೇ ಗುಡ್ಡೆ ಹಾಕಿದ್ರಾಯ್ತು’ ಅನ್ನೋರೂ ಇದ್ದಾರೆ. ಬಿಸಿಯಾಗಿ ತಣ್ಣಗಾಗಿ, ಬ್ಯಾಗಿನಲ್ಲಿ ಅಡ್ಡಡ್ಡ ಅಲೆದಾಡಿ, ಆ ಗುಡ್ಡೆ ನಿಧಾನಕ್ಕೆ ಜಾರುತ್ತೆ.

ನನ್ನ ಚಿಕ್ಕಮ್ಮನ ಮಗ ಮೈಸೂರಿನಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡ್ತಾನೆ. ಲ್ಯಾಪ್‌ಟಾಪ್‌ನ ಇಎಂಐ ಇನ್ನೂ ಹದಿನಾಲ್ಕು ಕಂತು ಬಾಕಿ, ವೈಶಾಖದ ಮದುವೆಗಳ ಅಡ್ವಾನ್ಸ್ ಕೈಗೆ ಬಂದಾಗಿದೆ. ಅಂಥ ಹೊತ್ತಲ್ಲಿ ಒಂದು ಅಂಗಡಿಯಲ್ಲಿ ಸರ್ವಿಸ್ ಮಾಡಿಸಿದ. ವಾರಕ್ಕೇ ಫೋನ್: ‘ಅಕ್ಕಾ, ಟೆಂಪರೇಚರ್ 72 ತೋರಿಸ್ತಿದೆ, ಸಖತ್ತಾಗಿದೆ. ಆದ್ರೆ ಇಪ್ಪತ್ತು ನಿಮಿಷ ರೆಂಡರ್ ಆದ್ಮೇಲೆ ಸ್ಕ್ರೀನ್ ತುಂಬ ಹಸಿರು ಚೌಕ ಬಂದು ಆಫ್ ಆಗುತ್ತೆ.’

ಆ 72 ಜಿಪಿಯು ಕೋರ್‌ನದ್ದು. ಮೆಮೊರಿಯ ತಾಪಮಾನವನ್ನು ಎಷ್ಟೋ ಲ್ಯಾಪ್‌ಟಾಪ್‌ಗಳು ತೋರಿಸುವುದೇ ಇಲ್ಲ, ಹಾಗಾಗಿ ಪಾಪ, ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಬಿಚ್ಚಿ ನೋಡಿದೆವು. ಕೋರ್ ಮೇಲೆ ಪೇಸ್ಟ್ ಅಚ್ಚುಕಟ್ಟಾಗಿತ್ತು. ಮೆಮೊರಿ ಮೇಲೂ ಪೇಸ್ಟ್ ಸವರಿದ್ದರು, ಆದರೆ ಅದು ದೋಸೆ ಮೇಲಿನ ಚಟ್ನಿಯಂತೆ ಸವರಿದ ಹಾಗೇ ಇತ್ತು, ತಟ್ಟೆ ಒತ್ತಿದ ಗುರುತೇ ಇಲ್ಲ. ಅಲ್ಲಿ ಕಂಪನಿಯವರು ಹಾಕಿದ್ದು ಪುಟ್ಟಿ. ಬೂದು ಬಣ್ಣ, ಚಪಾತಿ ಹಿಟ್ಟಿನ ಹದ. ಅದನ್ನು ಹಳೇ ಪೇಸ್ಟ್ ಅಂದುಕೊಂಡು ಒರೆಸಿ ಹಾಕಿದ್ದರು.

ಹೊಸ ಥರ್ಮಲ್ ಪುಟ್ಟಿ ತುಂಬಿದ ಮೇಲೆ ಹಸಿರು ಚೌಕ ನಿಂತಿತು. ಅವನ ಪುಣ್ಯ. ಮೆಮೊರಿ ಚಿಪ್‌ಗಳು ಬೋರ್ಡಿಗೇ ಬೆಸುಗೆಯಾಗಿರುತ್ತವೆ. ಒಂದು ಹೋದರೆ ಬಿಸಿಗಾಳಿಯಲ್ಲಿ ಕಿತ್ತು ಬೇರೆ ಕೂರಿಸುವ ಕುಶಲಿಗರನ್ನು ಹುಡುಕಬೇಕು, ಇಲ್ಲವಾದರೆ ಮದರ್‌ಬೋರ್ಡನ್ನೇ ಬದಲಿಸಬೇಕು.

ನೀವೇ ಮಾಡೋದಾದರೆ ಮೊದಲು ವಾರಂಟಿ ನೋಡಿಕೊಳ್ಳಿ, ಆಮೇಲೆ ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಒರೆಸುವ ಮುಂಚೆ ಫೋಟೊ ತೆಗೆದಿಡಿ. ಎಲ್ಲೆಲ್ಲಿ ಏನಿತ್ತು ಅನ್ನೋದಕ್ಕೆ ಅದೇ ಸಾಕ್ಷಿ. ಹಳೇ ಪ್ಯಾಡಿನ ಸುತ್ತ ಎಣ್ಣೆ ಜಿಡ್ಡು ಕಂಡರೆ ಗಾಬರಿ ಬೇಡ, ಅದು ಪ್ಯಾಡಿನೊಳಗಿನ ಸಿಲಿಕೋನ್. ಪ್ಯಾಡಿನ ದಪ್ಪ ಊಹೆಯಿಂದ ಕೊಳ್ಳಬೇಡಿ. ಅರ್ಧ ಮಿ.ಮೀ. ಸಂದಿಗೆ ಒಂದು ಮಿ.ಮೀ.ನ ಗಟ್ಟಿ ಪ್ಯಾಡ್ ತುರುಕಿದರೆ ತಟ್ಟೆ ಕೋರ್‌ನಿಂದ ಮೇಲೇಳುತ್ತೆ, ಆಗ ಕೋರೇ ಕಾಯುತ್ತೆ. ಒತ್ತಿ ಬಿಗಿದರೆ ಕೂರುತ್ತೆ ಅಂತ ಸ್ಕ್ರೂ ತಿರುಗಿಸಿದಿರೋ, ಆ ಹೊಳೆಯುವ ತುಂಡಿನ ಮೂಲೆ ಚಕ್ಕೆ ಏಳಬಹುದು. ಹೀಟ್‌ಸಿಂಕ್ ಮೇಲೆ 1, 2, 3, 4 ಅಂತ ಬರೆದಿದ್ದರೆ ಬಿಗಿಯುವಾಗ ಅದೇ ಕ್ರಮ.

ದಪ್ಪ ತಿಳಿಯದಿದ್ದರೆ ನನ್ನ ಮತ ಪುಟ್ಟಿಗೆ. ಸಂದು ಎಷ್ಟಿದೆಯೋ ಅಷ್ಟಕ್ಕೆ ಒತ್ತಿಕೊಳ್ಳುತ್ತೆ, ಹೆಚ್ಚಾದದ್ದು ಪಕ್ಕಕ್ಕೆ ಸರಿಯುತ್ತೆ. ಬಿಗಿದ ಮೇಲೆ ಒಮ್ಮೆ ಬಿಚ್ಚಿ ಪ್ರತಿ ಚಿಪ್ ಮೇಲೂ ಅಚ್ಚು ಬಿದ್ದಿದೆಯಾ ನೋಡಿ, ಕೋರ್ ಪೇಸ್ಟ್ ಹೊಸದಾಗಿ ಹಾಕಿ ಮುಚ್ಚಿ. ಪ್ಯಾಡ್ ಆದರೆ ಎರಡೂ ಬದಿಯ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ? ನಗಬೇಡಿ, ಕೀಳದೆ ಅಂಟಿಸಿದ್ದನ್ನೂ ನೋಡಿದ್ದೇನೆ.

ಬಿಚ್ಚುವ ಧೈರ್ಯ ಇಲ್ಲದವರು ಎಸ್.ಪಿ. ರೋಡಿಗೋ ಹತ್ತಿರದ ಸರ್ವಿಸ್ ಸೆಂಟರಿಗೋ ಕೊಡುವಾಗ ಒಂದು ಮಾತು ಕೇಳಿ: ‘ಮೆಮೊರಿ ಮೇಲೆ ಏನು ಹಾಕ್ತೀರಾ, ಎಷ್ಟು ಎಂಎಂ?’ ‘ಎಲ್ಲಾ ಕಡೆ ಪೇಸ್ಟೇ ಮೇಡಂ’ ಅಂದರೆ ಬ್ಯಾಗ್ ಎತ್ತಿಕೊಂಡು ಮುಂದಿನ ಅಂಗಡಿಗೆ ನಡೆಯಿರಿ.